ಹತ್ತು ಡಿಗ್ರಿಯ ಲೆಕ್ಕ

ಹಾಲು ಮೊಸರಾಗುವುದು, ಬೇಳೆ ಬೇಯುವುದು, ಹುಲ್ಲಿನ ಬಣವೆಗೆ ತಾನಾಗಿ ಬೆಂಕಿ ಹತ್ತುವುದು - ಇವೆಲ್ಲದರ ಹಿಂದೆ ಇರುವುದು ಒಂದೇ ನಿಯಮ. ತಾಪಮಾನ ಸ್ವಲ್ಪ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಬಹಳ ಏರುತ್ತದೆ. ಈ ಲೆಕ್ಕವನ್ನು ಕಡೆಗಣಿಸಿದ್ದಕ್ಕೆ ಭೋಪಾಲ ತೆತ್ತ ಬೆಲೆ ದೊಡ್ಡದು. ಇದೇ ಲೆಕ್ಕವನ್ನು ನಂಬಿ ಪೋಲಿಯೋ ಹನಿಯ ಸೀಸೆಯ ಮೇಲೆ ಕುಳಿತಿರುವ ಚೌಕವೊಂದು ಕೋಟ್ಯಂತರ ಮಕ್ಕಳನ್ನು ಕಾಯುತ್ತಿದೆ.

ಡಿಸೆಂಬರ್ ತಿಂಗಳ ಮಡಿಕೇರಿಯಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಹಾಗೇ ಬಿಟ್ಟರೆ ಬೆಳಿಗ್ಗೆ ನೋಡಿದಾಗ ಅದು ಹಾಲಾಗಿಯೇ ಉಳಿದಿರುವುದುಂಟು. ಅದಕ್ಕೇ ಚಳಿ ಸೀಮೆಯ ಗೃಹಿಣಿಯರು ಹೆಪ್ಪು ಹಾಕಿದ ಪಾತ್ರೆಯನ್ನು ಒಲೆಯ ಪಕ್ಕದಲ್ಲಿಡುತ್ತಾರೆ. ಇಲ್ಲವೆ ದಪ್ಪ ಬಟ್ಟೆ ಸುತ್ತಿ ಅಕ್ಕಿಯ ಡಬ್ಬದೊಳಗೆ ಹುದುಗಿಸುತ್ತಾರೆ. ಅದೇ ಮೇ ತಿಂಗಳ ರಾಯಚೂರಿನಲ್ಲಿ ಚಿಂತೆ ಬೇರೆಯದು. ಅಲ್ಲಿ ಹೆಪ್ಪು ತುಸು ಹೆಚ್ಚಾದರೂ ಸಾಕು, ಬೆಳಗಾಗುವಷ್ಟರಲ್ಲಿ ಮೊಸರು ಬಾಯಿಗಿಡಲಾಗದಷ್ಟು ಹುಳಿಯಾಗಿರುತ್ತದೆ.

ಹಾಲು ಅದೇ, ಹೆಪ್ಪು ಅದೇ, ಹೆಪ್ಪಿನೊಳಗಿನ ಸೂಕ್ಷ್ಮಜೀವಿಗಳೂ ಅವೇ. ಬೇರೆಯಾದದ್ದು ಸುತ್ತಲಿನ ಗಾಳಿಯ ತಾಪಮಾನ ಮಾತ್ರ. ಹದಿನೈದಿಪ್ಪತ್ತು ಡಿಗ್ರಿಯ ಅಂತರ ಇಷ್ಟೊಂದು ವ್ಯತ್ಯಾಸ ಮಾಡುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನ ಎರಡರ ಬುಡಕ್ಕೇ ಹೋಗಿ ಮುಟ್ಟಬೇಕಾಗುತ್ತದೆ.

ಶಾಖ ಬೇರೆ, ತಾಪಮಾನ ಬೇರೆ

ಮಾತಿನಲ್ಲಿ ಶಾಖ, ಬಿಸಿ, ಉಷ್ಣ, ತಾಪ ಎಲ್ಲವನ್ನೂ ಒಂದೇ ಅರ್ಥದಲ್ಲಿ ಬಳಸುವುದು ರೂಢಿ. ವಿಜ್ಞಾನದಲ್ಲಿ ಮಾತ್ರ ಶಾಖ ಒಂದು, ತಾಪಮಾನ ಇನ್ನೊಂದು. ದೀಪಾವಳಿಯ ಸುರುಸುರು ಬತ್ತಿಯನ್ನೇ ನೋಡಿ. ಅದರಿಂದ ಸಿಡಿಯುವ ಕಿಡಿಯ ತಾಪಮಾನ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆದರೂ ಒಂದೆರಡು ಕಿಡಿ ಮುಂಗೈ ಮೇಲೆ ಬಿದ್ದರೆ ಚುರ್ ಎಂದು ಆರಿಹೋಗುತ್ತವೆ. ಅದೇ ಒಂದು ಲೋಟ ಕುದಿಯುವ ನೀರು ಕೈಮೇಲೆ ಚೆಲ್ಲಿದರೆ ಆಸ್ಪತ್ರೆಗೆ ಓಡಬೇಕು. ನೀರಿನ ತಾಪಮಾನ ಬರೀ ನೂರು ಡಿಗ್ರಿ. ಆದರೆ ಅದರಲ್ಲಿ ತುಂಬಿರುವ ಶಾಖದ ಪ್ರಮಾಣ ಕಿಡಿಯಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಕೆರೆಗೆ ಹೋಲಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ. ಶಾಖ ಎಂದರೆ ಕೆರೆಯಲ್ಲಿರುವ ಒಟ್ಟು ನೀರು. ತಾಪಮಾನ ಎಂದರೆ ನೀರಿನ ಮಟ್ಟ. ತೂಬು ತೆರೆದಾಗ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಮಟ್ಟವೇ ಹೊರತು ಒಟ್ಟು ನೀರಿನ ಪ್ರಮಾಣವಲ್ಲ. ಹಾಗೆಯೇ ಶಾಖವೂ ಹೆಚ್ಚು ತಾಪಮಾನದಿಂದ ಕಡಿಮೆ ತಾಪಮಾನದ ಕಡೆಗೆ ಹರಿಯುತ್ತದೆ.

ಈ ಎರಡನ್ನೂ ಮೊದಲು ಸ್ಪಷ್ಟವಾಗಿ ಬೇರ್ಪಡಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಕರಗುತ್ತಿರುವ ಮಂಜುಗಡ್ಡೆಗೆ ಎಷ್ಟು ಶಾಖ ಕೊಟ್ಟರೂ ಅದು ಪೂರ್ತಿ ಕರಗುವ ತನಕ ಅದರ ತಾಪಮಾನ ಏರುವುದೇ ಇಲ್ಲ ಎಂಬುದನ್ನು ಅವನು 1760ರ ದಶಕದಲ್ಲಿ ಅಳತೆ ಮಾಡಿ ತೋರಿಸಿದ. ಒಂದು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಕುದಿಯುವ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು. ಈ ಶಾಖವೆಲ್ಲ ಥರ್ಮಾಮೀಟರಿನ ಕಣ್ಣಿಗೆ ಬೀಳದೆ ಒಳಗೇ ಅಡಗುವುದರಿಂದ ಇದಕ್ಕೆ ಗುಪ್ತೋಷ್ಣ ಎಂದು ಹೆಸರು.

ತಲೆಕೆಳಗಾಗಿದ್ದ ಅಳತೆಗೋಲು

ತಾಪಮಾನವನ್ನು ಅಳೆಯುವ ಕೆಲಸವೂ ಸುಲಭದ್ದಾಗಿರಲಿಲ್ಲ. ಉದ್ದಕ್ಕೆ ಗಜಕಡ್ಡಿ ಇದೆ, ತೂಕಕ್ಕೆ ತಕ್ಕಡಿ ಇದೆ. ಬಿಸಿಗೆ ಏನಿದೆ? ಬೆರಳು ಅದ್ದಿ ನೋಡಿದರೆ ಅದು ಮೋಸ ಮಾಡುತ್ತದೆ. ಒಂದು ಕೈಯನ್ನು ಬಿಸಿನೀರಿನಲ್ಲೂ ಇನ್ನೊಂದನ್ನು ತಣ್ಣೀರಿನಲ್ಲೂ ಸ್ವಲ್ಪ ಹೊತ್ತು ಇಟ್ಟು, ಬಳಿಕ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಅದ್ದಿದರೆ ಒಂದು ಕೈ ತಣ್ಣಗೆ ಎನ್ನುತ್ತದೆ, ಇನ್ನೊಂದು ಬಿಸಿ ಎನ್ನುತ್ತದೆ.

ಬಿಸಿಯಾದಾಗ ದ್ರವಗಳು ಹಿಗ್ಗುತ್ತವೆ ಎಂಬುದೇ ಇಲ್ಲಿ ಕೈಹಿಡಿದ ಉಪಾಯ. 1714ರಲ್ಲಿ ಡೇನಿಯಲ್ ಫ್ಯಾರನ್‌ಹೀಟ್ ಎಂಬಾತ ಗಾಜಿನ ಸಣ್ಣ ನಳಿಕೆಯಲ್ಲಿ ಪಾದರಸ ತುಂಬಿ ನಂಬಿಕೆಗೆ ಅರ್ಹವಾದ ಥರ್ಮಾಮೀಟರ್ ತಯಾರಿಸಿದ. 1742ರಲ್ಲಿ ಸ್ವೀಡನ್ನಿನ ಖಗೋಳಜ್ಞ ಆಂಡರ್ಸ್ ಸೆಲ್ಸಿಯಸ್ ನೂರು ಭಾಗಗಳ ಮಾನವನ್ನು ಸೂಚಿಸಿದ. ವಿಚಿತ್ರವೆಂದರೆ ಅವನ ಮಾನದಲ್ಲಿ ನೀರು ಕುದಿಯುವುದು ಸೊನ್ನೆಯಲ್ಲಿ, ಹೆಪ್ಪುಗಟ್ಟುವುದು ನೂರರಲ್ಲಿ! ಅವನು ತೀರಿಕೊಂಡ ಮೇಲೆ ಉಳಿದವರು ಅದನ್ನು ತಿರುಗಿಸಿ ನೆಟ್ಟಗೆ ಮಾಡಿದರು.

ಆದರೆ ಫ್ಯಾರನ್‌ಹೀಟನಿಗಾಗಲಿ ಸೆಲ್ಸಿಯಸನಿಗಾಗಲಿ ತಾವು ಅಳೆಯುತ್ತಿರುವುದು ಏನನ್ನು ಎಂಬುದು ಗೊತ್ತಿರಲಿಲ್ಲ. ಶಾಖ ಎಂಬುದು ಕಣ್ಣಿಗೆ ಕಾಣದ, ತೂಕವಿಲ್ಲದ ಒಂದು ದ್ರವ ಎಂದೇ ಆಗಿನ ಬಹುಪಾಲು ವಿದ್ವಾಂಸರು ನಂಬಿದ್ದರು. ಮ್ಯೂನಿಕ್ ನಗರದಲ್ಲಿ ಫಿರಂಗಿ ತಯಾರಿಕೆಯ ಉಸ್ತುವಾರಿ ನೋಡುತ್ತಿದ್ದ ಕೌಂಟ್ ರಮ್‌ಫರ್ಡ್ 1798ರಲ್ಲಿ ಈ ನಂಬಿಕೆಗೆ ಪೆಟ್ಟು ಕೊಟ್ಟ. ಕುದುರೆಗಳಿಂದ ಬೈರಿಗೆ ತಿರುಗಿಸಿ ಲೋಹದ ದಿಮ್ಮಿಯನ್ನು ಕೊರೆಯುವಾಗ ಅದರ ಸುತ್ತ ತುಂಬಿದ ನೀರು ಎರಡೂವರೆ ಗಂಟೆಯಲ್ಲಿ ಕುದಿಯತೊಡಗಿತು. ಅಲ್ಲಿ ಬೆಂಕಿಯೇ ಇರಲಿಲ್ಲ. ಕುದುರೆ ಸುತ್ತುತ್ತಿರುವ ತನಕ ಶಾಖವೂ ಬರುತ್ತಲೇ ಇತ್ತು. ಮುಗಿಯದೆ ಬರುವ ವಸ್ತು ದ್ರವವಾಗಿರಲು ಹೇಗೆ ಸಾಧ್ಯ? ಶಾಖ ಎಂಬುದು ಒಂದು ಬಗೆಯ ಚಲನೆಯೇ ಇರಬೇಕು ಎಂದು ಅವನು ತರ್ಕಿಸಿದ. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್, ಕೆಳಗಿಳಿಯುವ ತೂಕದ ಗುಂಡುಗಳಿಂದ ನೀರಿನಲ್ಲಿ ರೆಕ್ಕೆಚಕ್ರ ತಿರುಗಿಸಿ, ಎಷ್ಟು ಕೆಲಸಕ್ಕೆ ಎಷ್ಟು ಶಾಖ ಎಂಬ ವಿನಿಮಯದ ದರವನ್ನೇ ಗೊತ್ತುಮಾಡಿದ.

ಅಣುಗಳ ಓಟ

ಯಾವ ಚಲನೆ ಅದು? ಅಣುಗಳ ಚಲನೆ. ಯಾವುದೇ ವಸ್ತುವಿನ ಅಣುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಘನವಸ್ತುವಿನಲ್ಲಿ ನಿಂತಲ್ಲೇ ನಡುಗುತ್ತವೆ. ದ್ರವದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅನಿಲದಲ್ಲಿ ದಿಕ್ಕಾಪಾಲಾಗಿ ಓಡುತ್ತವೆ. ಈ ಗೊತ್ತುಗುರಿಯಿಲ್ಲದ ಓಟದ ಸರಾಸರಿ ಶಕ್ತಿಯ ಅಳತೆಯೇ ತಾಪಮಾನ. ಮನೆಯ ಕೋಣೆಯೊಳಗಿನ ಸಾರಜನಕದ ಅಣು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಎಂದರೆ ಗಂಟೆಗೆ 1,800 ಕಿಲೋಮೀಟರ್. ಪ್ರಯಾಣಿಕರ ಜೆಟ್ ವಿಮಾನದ ಇಮ್ಮಡಿ ವೇಗ!

ಓಟ ಹೆಚ್ಚಿದರೆ ತಾಪಮಾನ ಹೆಚ್ಚು, ಓಟ ತಗ್ಗಿದರೆ ತಾಪಮಾನ ಕಡಿಮೆ. ಹಾಗಾದರೆ ತಗ್ಗಿಸುತ್ತಾ ಹೋದರೆ ಒಂದು ಕೊನೆ ಇರಲೇಬೇಕಲ್ಲವೆ? ಇದೆ. ಅದು ಸೊನ್ನೆಗಿಂತ 273.15 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದಕ್ಕಿಂತ ತಣ್ಣಗಿನದು ವಿಶ್ವದಲ್ಲೇ ಇಲ್ಲ. 1848ರಲ್ಲಿ ವಿಲಿಯಂ ಥಾಮ್ಸನ್ - ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು - ನಿರಪೇಕ್ಷ ಮಾನವೊಂದನ್ನು ರೂಪಿಸಿದ. ಅವನ ಹೆಸರಿನ ಇಂದಿನ ಮಾನದಲ್ಲಿ ಎಣಿಕೆ ಆರಂಭವಾಗುವುದು ಈ ಪರಮ ತಣ್ಣನೆಯ ಬಿಂದುವಿನಿಂದಲೇ. ಆ ಪ್ರಕಾರ 27 ಡಿಗ್ರಿ ಸೆಲ್ಸಿಯಸಿನ ಹಿತವಾದ ಹಗಲು ಎಂದರೆ ಸುಮಾರು 300 ಕೆಲ್ವಿನ್. 37 ಡಿಗ್ರಿಯ ಸುಡುಬಿಸಿಲು ಎಂದರೆ 310 ಕೆಲ್ವಿನ್.

ಇಲ್ಲಿಯೇ ಒಗಟು ಎದುರಾಗುವುದು. 300ರಿಂದ 310ಕ್ಕೆ ಏರಿದರೆ ಹೆಚ್ಚಾದದ್ದು ಶೇಕಡಾ ಮೂರು ಚಿಲ್ಲರೆ ಮಾತ್ರ. ಅಣುಗಳ ಸರಾಸರಿ ಶಕ್ತಿ ಏರಿದ್ದೂ ಅಷ್ಟೇ. ವೇಗವಂತೂ ಶೇಕಡಾ ಎರಡರಷ್ಟೂ ಏರಲಿಲ್ಲ. ಆದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಈ ಹತ್ತು ಡಿಗ್ರಿಯಲ್ಲಿ ಸರಿಸುಮಾರು ಇಮ್ಮಡಿಯಾಗುತ್ತದೆ. ಮೂರು ಕಾಸು ಕೊಟ್ಟವನಿಗೆ ನೂರು ಕಾಸಿನ ಸಾಮಾನು ಸಿಕ್ಕಿದ್ದು ಹೇಗೆ?

ಸಕ್ಕರೆ ಹೇಳಿದ ಗುಟ್ಟು

ಇದಕ್ಕೆ ಉತ್ತರ ಕೊಟ್ಟವನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್. ಸಕ್ಕರೆಯು ಆಮ್ಲದ ನೀರಿನಲ್ಲಿ ಒಡೆದು ಬೇರೆ ಸಕ್ಕರೆಗಳಾಗುವ ಕ್ರಿಯೆಯ ವೇಗ ತಾಪಮಾನದೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಕುರಿತು ಅವನು 1889ರಲ್ಲಿ ಪ್ರಬಂಧ ಪ್ರಕಟಿಸಿದ. ಎರಡು ಅಣುಗಳು ಡಿಕ್ಕಿ ಹೊಡೆದರೆ ಸಾಲದು, ಒಂದು ನಿರ್ದಿಷ್ಟ ಮಿತಿಗಿಂತ ಹೆಚ್ಚಿನ ಶಕ್ತಿ ಅವುಗಳಲ್ಲಿದ್ದರೆ ಮಾತ್ರ ಹಳೆಯ ಬಂಧ ಮುರಿದು ಹೊಸ ಬಂಧ ಕೂಡುತ್ತದೆ ಎಂಬುದು ಅವನ ವಿಚಾರದ ತಿರುಳು. ಕ್ರಿಯೆ ನಡೆಯಲು ಅಣುಗಳು ಹಾರಲೇಬೇಕಾದ ಒಂದು ಗೋಡೆ ಇದು.

ಎಲ್ಲ ಅಣುಗಳ ಶಕ್ತಿಯೂ ಒಂದೇ ಸಮನಾಗಿರುವುದಿಲ್ಲ. ಅದನ್ನು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರಲ್ಲೇ ಗಣಿತದಿಂದ ತೋರಿಸಿದ್ದ. ಬಹುಪಾಲು ಅಣುಗಳು ನಡುಮಟ್ಟದವು. ಕೆಲವು ತೀರಾ ನಿಧಾನ. ಬೆರಳೆಣಿಕೆಯಷ್ಟು ಮಾತ್ರ ಮಹಾವೇಗದವು. ಗೋಡೆ ಹಾರುವ ತಾಕತ್ತಿರುವುದು ಈ ಕೊನೆಯ ಗುಂಪಿಗೆ ಮಾತ್ರ.

ಕಾಲೇಜಿನ ವಿದ್ಯಾರ್ಥಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆಂದುಕೊಳ್ಳಿ. ಆರಡಿ ದಾಟಿದವರು ನೂರಕ್ಕೆ ಒಬ್ಬರೋ ಇಬ್ಬರೋ ಇದ್ದಾರು. ಈಗ ಎಲ್ಲರ ಎತ್ತರವೂ ಒಂದೊಂದು ಅಂಗುಲ ಹೆಚ್ಚಾದರೆ ಸರಾಸರಿ ಎತ್ತರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣುವುದಿಲ್ಲ. ಆದರೆ ಆರಡಿ ದಾಟಿದವರ ಸಂಖ್ಯೆ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಗೆರೆಯ ಹೊಸ್ತಿಲಿಗೆ ಬಂದು ನಿಂತಿದ್ದವರೆಲ್ಲ ಒಮ್ಮೆಗೇ ದಾಟಿಬಿಡುತ್ತಾರೆ. ಅಣುಗಳ ಲೋಕದಲ್ಲಿ ನಡೆಯುವುದೂ ಇದೇ. ಕೆಲಸ ನಡೆಸುವವರು ಸರಾಸರಿ ಮಂದಿಯಲ್ಲ, ಅಂಚಿನಲ್ಲಿರುವ ಕೆಲವರು. ತಾಪಮಾನ ಸ್ವಲ್ಪವೇ ಏರಿದರೂ ಅವರ ಸಂಖ್ಯೆ ಬಹಳ ಏರುತ್ತದೆ.

ಪೆಟ್ರೋಲು ಗಾಳಿಯ ಆಮ್ಲಜನಕದ ಜೊತೆಗೇ ಇದ್ದರೂ ಕಡ್ಡಿ ಗೀರುವ ತನಕ ಸುಮ್ಮನಿರುವುದಕ್ಕೆ ಕಾರಣ ಈ ಗೋಡೆಯೇ. ಹೊರಗಿಟ್ಟರೆ ಅರ್ಧ ದಿನದಲ್ಲಿ ಹುಳಿಯುವ ಹಾಲು ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ನಿಲ್ಲುವುದಕ್ಕೂ ಕಾರಣ ಇದೇ. ಹೊರಗೆ 34 ಡಿಗ್ರಿ, ಒಳಗೆ 4 ಡಿಗ್ರಿ ಎಂದರೆ ಮೂವತ್ತು ಡಿಗ್ರಿಯ ಅಂತರ. ಹತ್ತು ಡಿಗ್ರಿಗೊಮ್ಮೆ ಅರ್ಧವಾಗುತ್ತಾ ಬಂದರೆ ವೇಗ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಈ ಇಮ್ಮಡಿಯ ನಿಯಮ ಕೇವಲ ಸ್ಥೂಲವಾದದ್ದು. ಗೋಡೆ ಎತ್ತರವಾಗಿದ್ದರೆ ಹತ್ತು ಡಿಗ್ರಿಗೆ ವೇಗ ಮೂರ್ಮಡಿ, ನಾಲ್ಮಡಿ ಆಗುವುದೂ ಉಂಟು.

ಜೀವಿಗಳ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಅಲ್ಲಿ ಕ್ರಿಯೆಗಳನ್ನು ನಡೆಸುವುದು ಕಿಣ್ವಗಳೆಂಬ ಪ್ರೋಟೀನುಗಳು. ಬಿಸಿ ಅತಿಯಾದರೆ ಅವುಗಳ ಮಡಿಕೆಯೇ ಬಿಚ್ಚಿಹೋಗಿ ಕೆಲಸ ನಿಂತುಬಿಡುತ್ತದೆ. ಕುದಿಬಿಸಿಯ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದಿರುವುದು ಇದರಿಂದಲೇ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದೊಳಗಿನ ಉರಿತ ಶೇಕಡಾ ಹತ್ತರಷ್ಟು ಹೆಚ್ಚುತ್ತದೆ. 42 ಡಿಗ್ರಿಯ ಹತ್ತಿರ ಹೋದರೆ ಜೀವಕ್ಕೇ ಅಪಾಯ.

ಕುಕ್ಕರಿನೊಳಗಿನ ಇಪ್ಪತ್ತು ಡಿಗ್ರಿ

ಅಡುಗೆಮನೆಯಲ್ಲಿ ಈ ಲೆಕ್ಕವನ್ನು ದುಡಿಸಿಕೊಳ್ಳುವ ಸಾಧನ ಪ್ರೆಷರ್ ಕುಕ್ಕರ್. ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ದೊಡ್ಡದು ಮಾಡಿದರೂ ಬೇಳೆ ಬೇಗ ಬೇಯುವುದಿಲ್ಲ. ಬ್ಲ್ಯಾಕ್ ಕಂಡುಕೊಂಡ ಹಾಗೆ, ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ತಾಪಮಾನ ನೂರು ಡಿಗ್ರಿ ಬಿಟ್ಟು ಕದಲುವುದಿಲ್ಲ. ಕುದಿ ಬಂದ ಮೇಲೆ ಉರಿ ಸಣ್ಣದು ಮಾಡಿದರೆ ಗ್ಯಾಸ್ ಉಳಿಯುತ್ತದೆಯೇ ಹೊರತು ಅಡುಗೆ ತಡವಾಗುವುದಿಲ್ಲ.

ಕುಕ್ಕರಿನಲ್ಲಿ ಆವಿಗೆ ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ನೀರಿನ ಕುದಿಬಿಂದುವೂ ಏರಿ 120 ಡಿಗ್ರಿ ಮುಟ್ಟುತ್ತದೆ. ಹೆಚ್ಚಾದದ್ದು ಇಪ್ಪತ್ತೇ ಡಿಗ್ರಿ. ಆದರೆ ಎರಡು ಸಲ ಇಮ್ಮಡಿ ಎಂದರೆ ನಾಲ್ಕು ಪಟ್ಟು. ಮುಕ್ಕಾಲು ಗಂಟೆಯ ಬೇಳೆ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುವುದರ ಗುಟ್ಟು ಇದೇ. ಬೆಟ್ಟದ ಮೇಲೆ ಇದಕ್ಕೆ ತದ್ವಿರುದ್ಧ. ಗಾಳಿಯ ಒತ್ತಡ ಕಡಿಮೆ ಇರುವ ಲೇಹ್ ಪಟ್ಟಣದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವುದು ತಾಳ್ಮೆಯ ಪರೀಕ್ಷೆಯೇ ಸರಿ.

ಕೂಡುವ ಲೆಕ್ಕ, ಗುಣಿಸುವ ಲೆಕ್ಕ

ಇದುವರೆಗಿನ ಉದಾಹರಣೆಗಳಲ್ಲಿ ಬಿಸಿ ಬಂದದ್ದು ಹೊರಗಿನಿಂದ. ಕ್ರಿಯೆಯೇ ಶಾಖವನ್ನು ಹುಟ್ಟಿಸುವಂತಿದ್ದರೆ ಏನಾಗುತ್ತದೆ? ರೈತರಿಗೆ ಇದರ ಅನುಭವ ಉಂಟು. ಹಸಿ ಆರದ ಹುಲ್ಲನ್ನು ಬಣವೆ ಒಟ್ಟಬಾರದು ಎಂದು ಹಿರಿಯರು ಹೇಳುತ್ತಾರೆ. ತೇವವಿರುವ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಶಾಖ ಹುಟ್ಟಿಸುತ್ತವೆ. ಬಣವೆಯ ನಡುವೆ ಕೈ ತೂರಿಸಿದರೆ ಸುಡುವಷ್ಟು ಬಿಸಿ ಇರುತ್ತದೆ. ಆ ಬಿಸಿಗೆ ಬೇರೆ ಕ್ರಿಯೆಗಳು ಚುರುಕಾಗಿ, ಅವುಗಳಿಂದ ಇನ್ನಷ್ಟು ಶಾಖ ಹುಟ್ಟಿ, ಕೊನೆಗೆ ಯಾರೂ ಕಡ್ಡಿ ಗೀರದಿದ್ದರೂ ಬಣವೆ ಹೊತ್ತಿಕೊಳ್ಳುವುದುಂಟು.

ಈ ಬಗೆಯ ಉರಿತಕ್ಕೆ 1920ರ ದಶಕದಲ್ಲಿ ಗಣಿತದ ಚೌಕಟ್ಟು ಕೊಟ್ಟವನು ರಷ್ಯದ ನಿಕೊಲಾಯ್ ಸೆಮ್ಯೊನೊವ್. ರಾಸಾಯನಿಕ ಕ್ರಿಯೆಗಳ ನಡೆಯನ್ನು ವಿವರಿಸಿದ್ದಕ್ಕಾಗಿ 1956ರಲ್ಲಿ ಅವನಿಗೆ ನೊಬೆಲ್ ಬಹುಮಾನದ ಪಾಲು ಬಂತು. ಅವನ ವಾದ ಸರಳ. ಪಾತ್ರೆಯೊಳಗೆ ಎರಡು ಶಕ್ತಿಗಳ ಪೈಪೋಟಿ ನಡೆದಿರುತ್ತದೆ. ಒಂದು, ಕ್ರಿಯೆಯಿಂದ ಹುಟ್ಟುವ ಶಾಖ. ಇನ್ನೊಂದು, ಪಾತ್ರೆಯ ಗೋಡೆಯ ಮೂಲಕ ಹೊರಹೋಗುವ ಶಾಖ. ಹೊರಹೋಗುವ ಶಾಖ ಕೂಡುವ ಲೆಕ್ಕದಲ್ಲಿ ಏರುತ್ತದೆ. ಒಳಗಿನ ತಾಪಮಾನ ಹೊರಗಿಗಿಂತ ಹತ್ತು ಡಿಗ್ರಿ ಹೆಚ್ಚಿದ್ದರೆ ಒಂದು ಪಾಲು, ಇಪ್ಪತ್ತು ಹೆಚ್ಚಿದ್ದರೆ ಎರಡು ಪಾಲು, ಮೂವತ್ತಾದರೆ ಮೂರು ಪಾಲು. ಹುಟ್ಟುವ ಶಾಖವಾದರೋ ಗುಣಿಸುವ ಲೆಕ್ಕದಲ್ಲಿ ಏರುತ್ತದೆ - ಎರಡು, ನಾಲ್ಕು, ಎಂಟು, ಹದಿನಾರು.

ಆರಂಭದಲ್ಲಿ ಕೂಡುವವನೇ ಮುಂದೆ ಇರುತ್ತಾನೆ, ಹಾಗಾಗಿ ಎಲ್ಲವೂ ಶಾಂತವಾಗಿರುತ್ತದೆ. ಒಂದು ತಾಪಮಾನ ದಾಟಿತೆಂದರೆ ಗುಣಿಸುವವನನ್ನು ಹಿಡಿಯಲು ಅವನಿಂದ ಆಗುವುದಿಲ್ಲ. ಪಾತ್ರೆ ದೊಡ್ಡದಾದಷ್ಟೂ ಅಪಾಯ ಹೆಚ್ಚು. ಅಗಲ, ಉದ್ದ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ ಒಳಗಿನ ಸರಕು ಎಂಟು ಪಟ್ಟಾಗುತ್ತದೆ, ಶಾಖ ಹೊರಹೋಗುವ ಮೈ ಮಾತ್ರ ನಾಲ್ಕೇ ಪಟ್ಟು. ಒಂದು ಕಂತೆ ಹಸಿ ಹುಲ್ಲು ಹೊತ್ತಿಕೊಳ್ಳುವುದಿಲ್ಲ, ದೊಡ್ಡ ಬಣವೆ ಹೊತ್ತಿಕೊಳ್ಳುತ್ತದೆ. ಪ್ರಯೋಗಶಾಲೆಯ ಬಾಟಲಿಯಲ್ಲಿ ಪಾಪದಂತಿರುವ ರಾಸಾಯನಿಕ, ಕಾರ್ಖಾನೆಯ ತೊಟ್ಟಿಯಲ್ಲಿ ರಾಕ್ಷಸನಾಗುವುದೂ ಇದೇ ಕಾರಣಕ್ಕೆ.

ಭೋಪಾಲದ ತೊಟ್ಟಿ

ಅಂಥ ತೊಟ್ಟಿಯೊಂದು ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಲ್ಲಿತ್ತು. ಅದರ ಸಂಖ್ಯೆ 610. ಅದರೊಳಗೆ 40 ಟನ್ನಿಗೂ ಹೆಚ್ಚು ಮಿಥೈಲ್ ಐಸೊಸಯನೇಟ್ ಎಂಬ ದ್ರವವಿತ್ತು. ಅದು ಕೇವಲ 39 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ನೀರು ಸೇರಿದರೆ ಕ್ರಿಯೆ ನಡೆದು ಶಾಖವೂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ಕಬ್ಬಿಣದ ಅಂಶ ಸಿಕ್ಕರೆ ತನ್ನ ಅಣುಗಳು ತಾವೇ ಮೂರು ಮೂರಾಗಿ ಬೆಸೆದುಕೊಂಡು ಇನ್ನೂ ಹೆಚ್ಚಿನ ಶಾಖ ಕಾರುತ್ತವೆ. ಇಷ್ಟು ಅಪಾಯದ ವಸ್ತುವನ್ನು ಅಂಕೆಯಲ್ಲಿಡಲು ಇದ್ದ ಮುಖ್ಯ ಉಪಾಯ ತಣ್ಣಗಿಡುವುದು. ತೊಟ್ಟಿಯ ದ್ರವವನ್ನು 5 ಡಿಗ್ರಿಗಿಂತ ಕೆಳಗಿಡಬೇಕೆಂಬುದು ನಿಯಮ. ಅದಕ್ಕಾಗಿಯೇ ಶೀತಕ ಯಂತ್ರವಿತ್ತು. ತಾಪಮಾನ 11 ಡಿಗ್ರಿ ಮುಟ್ಟಿದರೆ ಎಚ್ಚರಿಕೆ ಮೊಳಗುವ ಏರ್ಪಾಡಿತ್ತು.

1984ರ ಜೂನ್‌ನಲ್ಲಿ ಆ ಶೀತಕ ಯಂತ್ರವನ್ನು ನಿಲ್ಲಿಸಲಾಯಿತು. ತೊಟ್ಟಿಯ ದ್ರವ ಸುತ್ತಲಿನ ನೆಲದಂತೆಯೇ 15-20 ಡಿಗ್ರಿಯಲ್ಲಿ ಇರತೊಡಗಿತು. 11 ಡಿಗ್ರಿಯ ಎಚ್ಚರಿಕೆಗೆ ಅರ್ಥವೇ ಉಳಿಯಲಿಲ್ಲ. ಕೈಗೆ ಬೆಚ್ಚಗೂ ಅನ್ನಿಸದ ತಾಪಮಾನ ಇದು. ಆದರೆ ಹತ್ತು ಡಿಗ್ರಿಯ ಲೆಕ್ಕದಲ್ಲಿ ಅಲ್ಲಿನ ಯಾವುದೇ ಕ್ರಿಯೆ ಆಗಲೇ ಮೂರು ನಾಲ್ಕು ಪಟ್ಟು ವೇಗ ಪಡೆಯಬಲ್ಲದ್ದಾಗಿತ್ತು.

ಡಿಸೆಂಬರ್ 2ರ ರಾತ್ರಿ ತೊಟ್ಟಿಗೆ ನೀರು ಸೇರಿತು. ಅದು ಹೇಗೆ ಸೇರಿತು ಎಂಬುದರ ಬಗ್ಗೆ ಕಂಪೆನಿ ಹೇಳಿದ್ದೇ ಬೇರೆ, ಕಾರ್ಮಿಕರೂ ಇತರ ತನಿಖೆಗಾರರೂ ಹೇಳಿದ್ದೇ ಬೇರೆ. ಒಳಗೆ ಏನು ನಡೆಯಿತೆಂಬುದಕ್ಕೆ ಒತ್ತಡದ ಮಾಪಕ ಸಾಕ್ಷಿ. ರಾತ್ರಿ 10.20ಕ್ಕೆ ಅದು ಚದರ ಅಂಗುಲಕ್ಕೆ 2 ಪೌಂಡ್ ತೋರಿಸಿತ್ತು. 11 ಗಂಟೆಗೆ 10 ಪೌಂಡ್. ಅದೂ ಮಾಮೂಲಿ ಮಿತಿಯೊಳಗೇ ಇತ್ತು, ಯಾರೂ ಗಾಬರಿಯಾಗಲಿಲ್ಲ. ಹನ್ನೆರಡೂ ಕಾಲರ ಹೊತ್ತಿಗೆ 30ರ ಹತ್ತಿರ. ಅಲ್ಲಿಂದ ಅರ್ಧ ಗಂಟೆಯೊಳಗೆ ಮುಳ್ಳು ಮಾಪಕದ ಕೊನೆಯಾದ 55ನ್ನೂ ದಾಟಿತು. ತೊಟ್ಟಿಯ ಮೇಲಿನ ಕಾಂಕ್ರೀಟು ಬಿರುಕುಬಿಟ್ಟಿತು. ಸುರಕ್ಷತಾ ಕವಾಟ ತೆರೆದುಕೊಂಡು ವಿಷಾನಿಲ ಮಲಗಿದ್ದ ಊರಿನ ಮೇಲೆ ಹರಿಯಿತು. ತೊಟ್ಟಿಯೊಳಗಿನ ತಾಪಮಾನ 200 ಡಿಗ್ರಿ ದಾಟಿತ್ತೆಂದು ಬಳಿಕದ ತನಿಖೆ ಅಂದಾಜು ಮಾಡಿತು.

ಮೊದಲು ಗಂಟೆಗಟ್ಟಲೆ ನಿಧಾನ, ಕೊನೆಯ ನಿಮಿಷಗಳಲ್ಲಿ ಕಣ್ಣಿಗೆ ಕಾಣದ ವೇಗ - ಗುಣಿಸುವ ಲೆಕ್ಕದ ಸ್ವಭಾವವೇ ಇದು. ಇಮ್ಮಡಿಯ ಸ್ಥೂಲ ನಿಯಮವನ್ನೇ ಹಿಡಿದರೂ 20 ಡಿಗ್ರಿಯಿಂದ 100 ಡಿಗ್ರಿಗೆ ಏರುವಷ್ಟರಲ್ಲಿ ಎಂಟು ಸಲ ಇಮ್ಮಡಿಯಾಗಿ ವೇಗ 256 ಪಟ್ಟಾಗುತ್ತದೆ. ಮೊದಲ ಹಂತದಲ್ಲಿ ನಿಲ್ಲಿಸಬಹುದಾದದ್ದನ್ನು ಎಂಟನೆಯ ಹಂತದಲ್ಲಿ ನಿಲ್ಲಿಸಲಾಗದು. ಅನಿಲವನ್ನು ತೊಳೆದು ನಿರ್ವಿಷಗೊಳಿಸುವ ಸ್ಥಾವರಕ್ಕೆ ಅಷ್ಟು ಅನಿಲವನ್ನು ತಡೆಯುವ ಶಕ್ತಿ ಇರಲಿಲ್ಲ. ಅನಿಲವನ್ನು ಸುಡಬೇಕಿದ್ದ ಗೋಪುರ ಆಗ ಕೆಲಸಕ್ಕೆ ಸಿದ್ಧವಿರಲಿಲ್ಲ.

ಮೊದಲ ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಸತ್ತರು. ಸರ್ಕಾರದ ಲೆಕ್ಕದಲ್ಲೇ ಬಾಧಿತರ ಸಂಖ್ಯೆ ಐದು ಲಕ್ಷ ಮೀರಿತು. ಭೋಪಾಲದ ದುರಂತಕ್ಕೆ ಕಾರಣ ಒಂದೇ ಅಲ್ಲ. ಅಷ್ಟೊಂದು ವಿಷವನ್ನು ಊರ ಪಕ್ಕದಲ್ಲಿ ಸಂಗ್ರಹಿಸಿದ್ದು, ತುಕ್ಕು ಹಿಡಿದ ಕೊಳವೆಗಳು, ಕಡಿತಗೊಂಡ ಸಿಬ್ಬಂದಿ ಎಲ್ಲವೂ ಅದರಲ್ಲಿ ಸೇರಿವೆ. ತೊಟ್ಟಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದಿದ್ದರೆ ನೀರು ಸೇರಿದರೂ ಕ್ರಿಯೆ ಬಹಳ ನಿಧಾನವಾಗಿ ಏಳುತ್ತಿತ್ತು. ಎಚ್ಚೆತ್ತುಕೊಳ್ಳಲು ಒಂದಿಷ್ಟು ಸಮಯ ಸಿಗುತ್ತಿತ್ತು. ಆ ರಾತ್ರಿ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಸಮಯವೇ.

ಡಿಗ್ರಿ ಎಣಿಸುವ ಚೌಕ

ಇದೇ ರಸಾಯನವನ್ನು ಕಾವಲಿಗೆ ನಿಲ್ಲಿಸಿದ ಉದಾಹರಣೆಯೂ ಇದೆ. ಮಕ್ಕಳಿಗೆ ಹಾಕುವ ಪೋಲಿಯೋ ಹನಿ ಬಿಸಿಗೆ ಬೇಗ ಕೆಡುವ ಲಸಿಕೆ. ಕೆಟ್ಟ ಹನಿಯ ಬಣ್ಣ, ರುಚಿ ಯಾವುದೂ ಬದಲಾಗುವುದಿಲ್ಲ. ಕಾರ್ಖಾನೆಯಿಂದ ಹೊರಟ ಸೀಸೆ ಗೋದಾಮು, ಲಾರಿ, ತಾಲ್ಲೂಕು ಆಸ್ಪತ್ರೆ ದಾಟಿ ಆರೋಗ್ಯ ಕಾರ್ಯಕರ್ತೆಯ ಹೆಗಲ ಮೇಲಿನ ಮಂಜುಗಡ್ಡೆ ಪೆಟ್ಟಿಗೆ ತಲುಪುವಷ್ಟರಲ್ಲಿ ಎಲ್ಲಿ ಎಷ್ಟು ಹೊತ್ತು ಬಿಸಿಲು ಕಂಡಿದೆ ಎಂದು ಹೇಳುವವರು ಯಾರು?

1996ರಿಂದ ಪೋಲಿಯೋ ಲಸಿಕೆಯ ಸೀಸೆಗಳ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುವ ಗುರುತು ಬಂತು. ಚೌಕಕ್ಕೆ ಬಳಿದಿರುವ ರಾಸಾಯನಿಕದಲ್ಲಿ ಅಣುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಾ ಹೋದಂತೆ ಅದು ಕಪ್ಪಾಗುತ್ತದೆ. ಈ ಬೆಸುಗೆಯ ವೇಗ ತಾಪಮಾನದೊಂದಿಗೆ ಏರುವ ಬಗೆಯೂ ಲಸಿಕೆ ಕೆಡುವ ವೇಗ ಏರುವ ಬಗೆಯೂ ಹೆಚ್ಚುಕಡಿಮೆ ಒಂದೇ ಆಗುವಂತೆ ಅದನ್ನು ಹೊಂದಿಸಲಾಗಿದೆ. 37 ಡಿಗ್ರಿಯಲ್ಲಿಟ್ಟರೆ ಚೌಕ ಎರಡೇ ದಿನಕ್ಕೆ ಕೊನೆಯ ಹಂತ ಮುಟ್ಟುತ್ತದೆ. 5 ಡಿಗ್ರಿಯಲ್ಲಿಟ್ಟರೆ ಅದಕ್ಕೆ 225 ದಿನ ಬೇಕು. 32 ಡಿಗ್ರಿಗೆ ನೂರು ಪಟ್ಟಿಗೂ ಮೀರಿದ ವ್ಯತ್ಯಾಸ! ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ, ದಿನಾಂಕವೂ ಮೀರಿರದಿದ್ದರೆ ಹನಿ ಹಾಕಬಹುದು. ಎರಡೂ ಸಮನಾದರೆ, ಇಲ್ಲವೆ ಚೌಕವೇ ಹೆಚ್ಚು ಕಪ್ಪಾದರೆ ಸೀಸೆಯನ್ನು ಎಸೆಯಬೇಕು. ಇದನ್ನು ನೋಡಲು ಥರ್ಮಾಮೀಟರ್ ಬೇಡ, ಓದುಬರಹವೂ ಬೇಡ.

ಥರ್ಮಾಮೀಟರ್ ಹೇಳುವುದು ಈ ಕ್ಷಣದ ತಾಪಮಾನವನ್ನು. ಚೌಕ ಹೇಳುವುದು ಕಳೆದ ದಿನಗಳ ಕಥೆಯನ್ನೆಲ್ಲ ಕೂಡಿಸಿ. ರಾಸಾಯನಿಕ ಕ್ರಿಯೆಗೆ ಮುಖ್ಯವಾದದ್ದು ಎಷ್ಟು ಡಿಗ್ರಿ ಎಂಬುದಷ್ಟೇ ಅಲ್ಲ, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಎಂಬುದು. ಭಾರತದಲ್ಲಿ ಪಲ್ಸ್ ಪೋಲಿಯೋ ಆಂದೋಲನ ಶುರುವಾದದ್ದು 1995ರಲ್ಲಿ. ದೇಶದ ಕೊನೆಯ ಕಾಡುವೈರಸ್ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತ ಎಂಬ ಘೋಷಣೆ ಬಂತು. ಆ ಗೆಲುವಿನಲ್ಲಿ ಲಕ್ಷಾಂತರ ಕಾರ್ಯಕರ್ತರ ಬೆವರಿದೆ. ಅವರು ಹಾಕಿದ ಹನಿಯಲ್ಲಿ ಜೀವವಿದೆಯೆಂದು ಭರವಸೆ ಕೊಟ್ಟವುಗಳಲ್ಲಿ ಈ ಚೌಕವೂ ಒಂದು.

ಮನೆಯ ಔಷಧಿಗಳ ಮೇಲೆ ಇಂಥ ಚೌಕ ಇರುವುದಿಲ್ಲ. ಅಲ್ಲಿರುವುದು ಸಣ್ಣಕ್ಷರದ ಒಂದು ಸಾಲು - ಇಂತಿಷ್ಟು ಡಿಗ್ರಿಗಿಂತ ಕೆಳಗಿಡಿ ಎಂದು. ಮಧುಮೇಹಿಗಳ ಇನ್ಸುಲಿನ್ ಸೀಸೆಯನ್ನು ತೆರೆಯುವ ತನಕ 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೋ ಅಡುಗೆಮನೆಯ ಕಿಟಕಿಯ ಮೇಲೋ ಬಿಟ್ಟ ಸೀಸೆ ನೋಡಲು ಹಾಗೇ ಇರುತ್ತದೆ, ಅದರ ಶಕ್ತಿ ಮಾತ್ರ ಸದ್ದಿಲ್ಲದೆ ಇಳಿದಿರುತ್ತದೆ. ಹತ್ತು ಡಿಗ್ರಿಗೆ ಏನಾಗುತ್ತದೆ ಮಹಾ ಎಂದುಕೊಳ್ಳುವ ಮೊದಲು ಆ ಸಾಲನ್ನು ಒಮ್ಮೆ ಓದುವುದು ಒಳ್ಳೆಯದು.